ಆಪರೇಷನ್‌ಗೆ ಮೊದಲು ಅರಿವಳಿಕೆ ಡಾಕ್ಟರಿಗೆ ಈ ಮಾತು ಹೇಳಿ

ಔಷಧ ಒಂದೇ ಆದ್ರೂ ಎಲ್ಲರ ಮೈಯಲ್ಲೂ ಒಂದೇ ತರ ಕೆಲಸ ಮಾಡಲ್ಲ. ಆಪರೇಷನ್ ವೇಳೆ ಸ್ನಾಯು ಸಡಿಲವಾಗಲು ಕೊಡುವ ಸಕ್ಸಿನೈಲ್‌ಕೋಲಿನ್ ಇಂಜೆಕ್ಷನ್ನೇ ಉದಾಹರಣೆ. ಸಾಮಾನ್ಯವಾಗಿ ರಕ್ತದಲ್ಲಿರುವ ಒಂದು ಕಿಣ್ವ ಇದನ್ನು ಬೇಗ ಒಡೆದು ಹಾಕುತ್ತೆ. 5-10 ನಿಮಿಷದಲ್ಲಿ ಪರಿಣಾಮ ಮುಗಿಯುತ್ತೆ. ಆದರೆ ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದವರಲ್ಲಿ ಈ ಕಿಣ್ವ ಸರಿಯಾಗಿ ಕೆಲಸ ಮಾಡಲ್ಲ. ಅಂಥವರು ಗಂಟೆಗಟ್ಟಲೆ ತಾವಾಗಿ ಉಸಿರಾಡಲು ಆಗದೆ ವೆಂಟಿಲೇಟರ್‌ನಲ್ಲಿ ಇರಬೇಕಾಗುತ್ತೆ.

ಇದು ಯಾರಲ್ಲಾದರೂ ಇರಬಹುದು. ಆರ್ಯವೈಶ್ಯ ಸಮುದಾಯದಲ್ಲಿ ಹೆಚ್ಚಾಗಿ ಕಂಡುಬಂದಿದೆ. ದಿನನಿತ್ಯ ಏನೂ ತೊಂದರೆ ಕೊಡದ ಕಾರಣ ಗೊತ್ತೇ ಆಗಲ್ಲ. ನಿಮ್ಮ ಕುಟುಂಬದಲ್ಲಿ ಯಾರಿಗಾದ್ರೂ ಆಪರೇಷನ್ ನಂತರ ಹೀಗಾಗಿದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ. ರಕ್ತ ಪರೀಕ್ಷೆಯಲ್ಲಿ ಇದು ಪತ್ತೆಯಾಗುತ್ತೆ, ಬದಲಿ ಔಷಧವೂ ಇದೆ.