ಮಿದುಳಿನ ತರಂಗಗಳ ಲೇಖನ

ತರಗತಿಯಲ್ಲಿ ಗಟ್ಟಿಯಾಗಿ ಪಾಠವನ್ನೋದುತ್ತಿರುವ ಬಾಲಕಿಯೊಬ್ಬಳು ತಟ್ಟನೆ ನಿಂತು, ಹತ್ತು ಸೆಕೆಂಡು ಶೂನ್ಯದೃಷ್ಟಿಯಿಂದ ನೋಡಿ, ಏನೂ ಆಗದವಳಂತೆ ಪುನಃ ಓದತೊಡಗುವಳು. ಉಪಾಧ್ಯಾಯಿನಿಯು ಅಜಾಗ್ರತೆಯೆಂದು ಗದರಿಸುವಳು. ಮನೆಯವರು ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವರು. ನಿಜವನ್ನರಿಯಲು ವೈದ್ಯರಲ್ಲಿ ಒಂದು ಸಾಧನವುಂಟು. ಅದೇ ಮಿದುಳಿನ ತರಂಗಗಳನ್ನು ಬರೆಯುವ ಯಂತ್ರ. ಈ ಪರೀಕ್ಷೆಗೆ ಇ.ಇ.ಜಿ. ಎಂದು ಹೆಸರು.

ಮಿದುಳಿನ ಜೀವಕಣಗಳು ಪರಸ್ಪರ ಸಂದೇಶಗಳನ್ನು ಕಳುಹಿಸುವಾಗ ಅತ್ಯಲ್ಪವಾದ ವಿದ್ಯುತ್ತು ಹುಟ್ಟುತ್ತದೆ. ಇಂಗ್ಲೆಂಡಿನ ವೈದ್ಯನಾದ ರಿಚರ್ಡ್ ಕೇಟನ್ ಎಂಬವನು ಪ್ರಾಣಿಗಳ ಮಿದುಳಿನಲ್ಲಿ ಇದನ್ನು ಕಂಡು 1875ರಲ್ಲಿ ತಿಳಿಸಿದನು. ಜರ್ಮನಿಯ ಯೇನಾ ಪಟ್ಟಣದ ಮನೋರೋಗವೈದ್ಯನಾದ ಹಾನ್ಸ್ ಬರ್ಗರನು 1924ರಲ್ಲಿ ಮನುಷ್ಯನ ಮಿದುಳಿನ ತರಂಗಗಳನ್ನು ಮೊದಲು ಬರೆಯಿಸಿ, 1929ರಲ್ಲಿ ಪ್ರಕಟಿಸಿದನು.

ಪರೀಕ್ಷೆಯಲ್ಲಿ ತಲೆಯ ಚರ್ಮದ ಮೇಲೆ ಸುಮಾರು 20 ಲೋಹದ ಬಿಲ್ಲೆಗಳನ್ನು ಅಂಟಿಸುವರು. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ, ಅಲ್ಲಿ ದೊರೆಯುವುದು ಅಂಥ ಕೆಲವು ಹತ್ತು ಪಾಲುಗಳು ಮಾತ್ರ. ಯಂತ್ರವು ಅದನ್ನು ಹೆಚ್ಚಿಸಿ ಗೆರೆಗಳಾಗಿ ತೋರಿಸುತ್ತದೆ. ಅದು ತಲೆಯೊಳಕ್ಕೆ ವಿದ್ಯುತ್ತನ್ನು ಹಾಯಿಸುವುದಿಲ್ಲ, ಆದುದರಿಂದ ಭಯಪಡಬೇಕಾದುದಿಲ್ಲ.

ಎಚ್ಚತ್ತಿದ್ದು ಕಣ್ಮುಚ್ಚಿ ಶಾಂತರಾಗಿರುವವರಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 8ರಿಂದ 13 ತರಂಗಗಳು ತೋರುತ್ತವೆ. ಇವೇ ಆಲ್ಫಾ ತರಂಗಗಳು. ಕಣ್ದೆರೆದೊಡನೆ ಇವು ಅಡಗುತ್ತವೆ. ಗಾಢನಿದ್ರೆಯಲ್ಲಾದರೋ ಸೆಕೆಂಡಿಗೆ 4ಕ್ಕಿಂತ ಕಡಮೆಯಾದ ದೊಡ್ಡ ತರಂಗಗಳು ಏಳುತ್ತವೆ. ನಮ್ಮ ಬಾಲಕಿಯಿಂದ ವೈದ್ಯರು ಸುಮಾರು 3 ನಿಮಿಷ ದೀರ್ಘಶ್ವಾಸ ಮಾಡಿಸಿದರೆ, ಸೆಕೆಂಡಿಗೆ 3ರಂತೆ ಚೂಪಾದ ಮೊನೆಯೂ ಅಲೆಯೂ ಜೊತೆಗೂಡಿ ಮೂಡಬಹುದು. ಇದು ಅಪಸ್ಮಾರದ ಒಂದು ಭೇದದ ಗುರುತು. ಬಹುಮಟ್ಟಿಗೆ ಔಷಧದಿಂದ ಇದು ಹತೋಟಿಗೆ ಬರುತ್ತದೆ.

ಆದರೆ ಈ ಯಂತ್ರವು ಆಲೋಚನೆಗಳನ್ನು ಓದಲಾರದು. ಖಿನ್ನತೆಯನ್ನಾಗಲಿ ಚಿತ್ತವಿಕಲತೆಯನ್ನಾಗಲಿ ಗೆರೆಗಳಿಂದಲೇ ನಿರ್ಣಯಿಸಲಾಗದು. ಅದಕ್ಕೆ ವೈದ್ಯನು ರೋಗಿಯ ಮಾತನ್ನು ತಾಳ್ಮೆಯಿಂದ ಕೇಳಲೇಬೇಕು. ಮನೋರೋಗದಂತೆ ತೋರುವುದರ ಹಿಂದೆ ಅಪಸ್ಮಾರವೋ ಮಿದುಳಿನ ಉರಿಯೂತವೋ ಅಡಗಿದೆಯೇ ಎಂದು ಶೋಧಿಸುವುದಕ್ಕೆ ಮಾತ್ರ ಇದು ಸಹಕಾರಿ. ಒಮ್ಮೆ ಗೆರೆಗಳು ಸರಿಯಾಗಿದ್ದ ಮಾತ್ರಕ್ಕೆ ಅಪಸ್ಮಾರವಿಲ್ಲವೆಂದೂ ಹೇಳಲಾಗದು.

ಪ್ರಿಯ ಸೋದರಿಯರೇ, ನಿಮ್ಮಲ್ಲನೇಕರು ಮುಂದೆ ತಾಯಂದಿರೂ ಉಪಾಧ್ಯಾಯಿನಿಯರೂ ದಾದಿಯರೂ ಆಗುವಿರಿ. ಓದುತ್ತಿದ್ದ ಮಗುವು ನಡುವೆ ನಿಂತುಬಿಟ್ಟರೆ, ಬೆತ್ತವನ್ನೆತ್ತುವ ಮುನ್ನ, ತಾಯಿತವನ್ನರಸುವ ಮುನ್ನ, ಅದನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ರೋಗವನ್ನು ದೋಷವೆಂದೆಣಿಸದಿರುವುದೇ ಕ್ರಿಸ್ತೀಯ ಪ್ರೀತಿಯ ಮೊದಲ ಮೆಟ್ಟಿಲು.