ಸಂರಚನಾ ಕಡತಗಳ ವಿಲೀನ

ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಉನ್ನತೀಕರಿಸುವಾಗ, ಗಣಕದ ನಿರ್ವಾಹಕರು ತಮ್ಮ ಅಗತ್ಯಕ್ಕೆ ತಿದ್ದಿಕೊಂಡ ಕಾನ್ಫಿಗರೇಶನ್ ಫೈಲ್‌ಗಳನ್ನು ಹೊಸ ಆವೃತ್ತಿಯೊಂದಿಗೆ ಬರುವ ಅವೇ ಕಡತಗಳೊಡನೆ ಹೊಂದಿಸುವ ಕ್ರಿಯೆಯನ್ನು ಸಂರಚನಾ ಕಡತಗಳ ವಿಲೀನ ಎನ್ನುತ್ತಾರೆ. ಲಿನಕ್ಸ್ ಮತ್ತು ಬಿಎಸ್‌ಡಿ ವ್ಯವಸ್ಥೆಗಳಲ್ಲಿ ಇಂತಹ ಕಡತಗಳು ಬಹುಪಾಲು ‘ಇಟಿಸಿ’ ಎಂಬ ಕೋಶದಲ್ಲಿ ಸಾದಾ ಪಠ್ಯರೂಪದಲ್ಲಿರುತ್ತವೆ.

ಅಗತ್ಯ

ಹೊಸ ಕಡತವನ್ನು ಹಾಗೆಯೇ ಸ್ವೀಕರಿಸಿದರೆ ಸ್ಥಳೀಯ ತಿದ್ದುಪಡಿಗಳು ಅಳಿಯುತ್ತವೆ. ದೂರದ ಗಣಕವನ್ನು ಪ್ರವೇಶಿಸಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಗುಪ್ತಪದದ ಪ್ರವೇಶವನ್ನು ನಿಷೇಧಿಸಿದ ಒಂದು ಸಾಲು ಹೋದರೆ, ಮುಚ್ಚಿದ್ದ ದಾರಿ ಯಾವ ದೋಷಸಂದೇಶವೂ ಇಲ್ಲದೆ ಮತ್ತೆ ತೆರೆದುಕೊಳ್ಳಬಹುದು. ಹಳೆಯ ಕಡತವನ್ನೇ ಉಳಿಸಿಕೊಳ್ಳುವುದೂ ಕ್ಷೇಮವಲ್ಲ. 2012ರಲ್ಲಿ ಬಿಡುಗಡೆಯಾದ ಅಪಾಚೆ 2.4, ಪ್ರವೇಶ ನಿಯಂತ್ರಣದ ‘ಆರ್ಡರ್’, ‘ಅಲೋ’, ‘ಡಿನೈ’ ನಿರ್ದೇಶನಗಳ ಬದಲಿಗೆ ‘ರಿಕ್ವೈರ್’ ಅನ್ನು ತಂದಿತು. ಹಳೆಯ ನಿರ್ದೇಶನಗಳಿಗೆ ಬೆಂಬಲ ನೀಡುವ ಮಾಡ್ಯೂಲ್ ಇಲ್ಲದೆಡೆ, 2.2ರ ಕಾಲದ ಕಡತದೊಂದಿಗೆ ಸರ್ವರ್ ಆರಂಭವಾಗುವುದೇ ಇಲ್ಲ. ಎರಡರಲ್ಲಿ ಈ ತೊಂದರೆಯೇ ವಾಸಿ. ಇದು ಕೂಡಲೇ ಕಣ್ಣಿಗೆ ಬೀಳುತ್ತದೆ.

ಮೂರು ಪಠ್ಯಗಳ ಹೋಲಿಕೆ

ಸ್ಥಳೀಯ ಕಡತ ಮತ್ತು ಹೊಸ ಕಡತ, ಇವೆರಡನ್ನೇ ಹೋಲಿಸಿದರೆ ವ್ಯತ್ಯಾಸ ಎಲ್ಲಿದೆ ಎಂಬುದು ತಿಳಿಯುತ್ತದೆ, ಆದರೆ ಅದನ್ನು ಯಾರು ಮಾಡಿದರು ಎಂಬುದು ತಿಳಿಯದು. ಅದಕ್ಕೆ ಮೂರನೆಯ ಪಠ್ಯ, ಅಂದರೆ ಹಿಂದಿನ ಆವೃತ್ತಿಯೊಂದಿಗೆ ಬಂದಿದ್ದ ತಿದ್ದದ ಮೂಲ ಕಡತ ಬೇಕು. ಮೂಲದಿಂದ ಸ್ಥಳೀಯ ಕಡತದಲ್ಲಿ ಮಾತ್ರ ಬದಲಾದ ಸಾಲನ್ನು ಉಳಿಸಿಕೊಂಡು, ಹೊಸತರಲ್ಲಿ ಮಾತ್ರ ಬದಲಾದುದನ್ನು ಸ್ವೀಕರಿಸಬಹುದು. ಒಂದೇ ಸಾಲು ಎರಡರಲ್ಲೂ ಬೇರೆ ಬೇರೆಯಾಗಿ ಬದಲಾಗಿದ್ದರೆ ಅದು ಸಂಘರ್ಷ. ಅದನ್ನು ಮನುಷ್ಯರೇ ಬಗೆಹರಿಸಬೇಕು.

ಫ್ರೀಬಿಎಸ್‌ಡಿಯ ‘ಇಟಿಸಿಅಪ್‌ಡೇಟ್’ ಹಳೆಯ ಮೂಲ ಕಡತಗಳನ್ನು ಕಾಪಿಟ್ಟುಕೊಂಡು ಈ ರೀತಿಯಲ್ಲೇ ವಿಲೀನಗೊಳಿಸುತ್ತದೆ. ಡೆಬಿಯನ್‌ನ ‘ಡಿಪಿಕೆಜಿ’ ಹಳೆಯ ಮೂಲದ ಪಠ್ಯವನ್ನಲ್ಲ, ಅದರ ಪರಿಶೀಲನಾ ಸಂಖ್ಯೆಯನ್ನಷ್ಟೇ ಇಟ್ಟುಕೊಳ್ಳುತ್ತದೆ. ಆದ್ದರಿಂದ ಇಬ್ಬರೂ ಕಡತವನ್ನು ಬದಲಿಸಿದ್ದಾರೆಂದು ಅದು ಕಂಡುಕೊಳ್ಳಬಲ್ಲುದು, ವಿಲೀನಗೊಳಿಸಲಾರದು. ನಿರ್ವಾಹಕರನ್ನು ಪ್ರಶ್ನಿಸಿ, ಹಳೆಯದನ್ನು ಉಳಿಸಿಕೊಂಡರೆ ಹೊಸತನ್ನು ‘ಡಿಪಿಕೆಜಿ-ಡಿಸ್ಟ್’ ಎಂಬ ಬಾಲದೊಂದಿಗೆ ಪಕ್ಕದಲ್ಲಿಡುತ್ತದೆ. ಆರ್‌ಪಿಎಂ ಬಳಸುವ ವ್ಯವಸ್ಥೆಗಳು ಪ್ರಶ್ನಿಸುವುದೂ ಇಲ್ಲ; ‘ಆರ್‌ಪಿಎಂನ್ಯೂ’ ಅಥವಾ ‘ಆರ್‌ಪಿಎಂಸೇವ್’ ಕಡತಗಳನ್ನು ನಿರ್ವಾಹಕರೇ ಹುಡುಕಿ ನೋಡಬೇಕು. ಇವು ವರ್ಷಗಟ್ಟಲೆ ಹಾಗೆಯೇ ಬಿದ್ದಿರುವುದು ಅಪರೂಪವಲ್ಲ.

ಕನ್ನಡ ಬಳಕೆದಾರರ ಸಂದರ್ಭ

ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಕಗಪ ಕೀಲಿಮಣೆ ವಿನ್ಯಾಸವು ಲಿನಕ್ಸ್‌ನ ಎಕ್ಸ್‌ಕೆಬಿ ಭಂಡಾರದಲ್ಲಿದೆ. ಇದರ ಕೀಲಿಗಳನ್ನು ತಮಗೆ ಬೇಕಾದಂತೆ ಬದಲಿಸಲು ಭಂಡಾರದ ಮೂಲ ಕಡತವನ್ನೇ ತಿದ್ದಿದವರಿಗೆ ಮೇಲಿನ ಯಾವ ರಕ್ಷಣೆಯೂ ದೊರೆಯದು. ಆ ಕಡತವಿರುವುದು ‘ಯುಎಸ್‌ಆರ್’ ಕೋಶದಲ್ಲಿ. ಪ್ಯಾಕೇಜ್ ವ್ಯವಸ್ಥೆಯ ಲೆಕ್ಕದಲ್ಲಿ ಅದು ಸಂರಚನಾ ಕಡತವೇ ಅಲ್ಲ. ಉನ್ನತೀಕರಣವು ಅದನ್ನು ಕೇಳದೆಯೇ ಬದಲಿಸುತ್ತದೆ. ಅಕ್ಷರಶೈಲಿಗಳನ್ನು ಆಯ್ದುಕೊಡುವ ಫಾಂಟ್‌ಕಾನ್ಫಿಗ್ ಇದಕ್ಕೆ ಸರಳ ದಾರಿ ಒದಗಿಸಿದೆ. ತನ್ನ ಮುಖ್ಯ ಕಡತವನ್ನು ತಿದ್ದಬಾರದೆಂಬ ಎಚ್ಚರಿಕೆಯನ್ನು ಆ ಕಡತದಲ್ಲೇ ಬರೆದು, ಸ್ಥಳೀಯ ಬದಲಾವಣೆಗಳಿಗೆ ‘ಲೋಕಲ್.ಕಾನ್ಫ್’ ಎಂಬ ಪ್ರತ್ಯೇಕ ಕಡತವನ್ನು ಸೂಚಿಸುತ್ತದೆ. ಗುಬ್ಬಿ ಅಥವಾ ನವಿಲು ಅಕ್ಷರಶೈಲಿಗೆ ಆದ್ಯತೆ ನೀಡುವ ಸಾಲುಗಳನ್ನು ಅಲ್ಲಿ ಬರೆದರೆ ವಿಲೀನದ ಪ್ರಶ್ನೆಯೇ ಏಳದು.

ಪರೀಕ್ಷೆ

ವಿಲೀನಕ್ಕೆ ಮೊದಲು ‘ಇಟಿಸಿ’ ಕೋಶದ ಪ್ರತಿಯನ್ನು ಬೇರೆಡೆ ಇಡಲಾಗುತ್ತದೆ. ಸಂಘರ್ಷವನ್ನು ತೋರಿಸಲು ಉಪಕರಣಗಳು ಸೇರಿಸುವ ಗುರುತುಗಳು ಬಳಕೆದಾರರ ಪಟ್ಟಿಯಂತಹ ಕಡತದಲ್ಲಿ ಉಳಿದುಬಿಟ್ಟರೆ ಯಾರೂ ಒಳಗೆ ಬರಲಾಗದ ಸ್ಥಿತಿ ಬರಬಹುದು. ಓಪನ್‌ಎಸ್‌ಎಸ್‌ಎಚ್ ಸರ್ವರನ್ನು ‘-ಟಿ’ ಆಯ್ಕೆಯೊಂದಿಗೆ ಚಲಾಯಿಸಿದರೆ ಅದು ಕಡತವನ್ನು ಪರಿಶೀಲಿಸಿ ನಿಲ್ಲುತ್ತದೆ. ಸುಡೊ ಕಡತಕ್ಕೆ ‘ವಿಸುಡೊ -ಸಿ’ ಇದೆ. ದೂರದ ಗಣಕವಾದರೆ, ಹೊಸದಾಗಿ ಇನ್ನೊಂದು ಸಂಪರ್ಕ ದೊರೆಯುವವರೆಗೆ ತೆರೆದಿರುವ ಸಂಪರ್ಕವನ್ನು ಮುಚ್ಚುವುದಿಲ್ಲ.