ಇನ್ವರ್ಟರ್ ಹಾಕಿಸುವಾಗ ಅರ್ತಿಂಗ್ ಮರೆಯಬೇಡಿ

ಮಳೆಗಾಲದಲ್ಲಿ ಲೈನಿಗೆ ಮರ ಬಿತ್ತೆಂದರೆ ನಮ್ಮಲ್ಲಿ ಎರಡು ದಿನ ಕರೆಂಟಿಲ್ಲ. ಹಾಗಾಗಿ ಇನ್ವರ್ಟರ್ ಹಾಕಿಸಿದೆವು. ಅದನ್ನು ಜೋಡಿಸುವಾಗ ಬೋರ್ಡಿನಲ್ಲಿ ಉಳಿದ ಒಂದು ತುಂಡು ವಯರ್ ಮುಂದಿನ ಮಳೆಗಾಲ ನಮ್ಮ ಗಬ್ಬದ ದನವನ್ನು ಕೊಲ್ಲುವುದರಲ್ಲಿತ್ತು.

ಜೋಡಣೆಯ ದಿನ ವಯರ್‌ಮನ್ ಮೈನ್‌ಸ್ವಿಚ್ ಆಫ್ ಮಾಡಿ, ಬ್ಯಾಟರಿಯಲ್ಲಿ ಲೈಟು ಉರಿಸಿ ನೋಡಿದರು. ಟೆಸ್ಟರ್ ಇಟ್ಟರೆ ಪ್ಲಗ್ಗಿನ ಎರಡೂ ತೂತಿನಲ್ಲಿ ಮಿಣಮಿಣ ಬೆಳಕು. "ನ್ಯೂಟ್ರಲ್ ಸರಿ ಬರ್ತಾ ಇಲ್ಲ ಅಣ್ಣಾ" ಎಂದು ಬೋರ್ಡಿನೊಳಗೆ ನ್ಯೂಟ್ರಲಿಗೂ ಅರ್ತಿಗೂ ಒಂದು ತುಂಡು ವಯರ್ ಕೊಟ್ಟರು. ಟೆಸ್ಟರ್ ಸರಿಯಾಯಿತು. ಆದರೆ ಮೈನ್ ಹಾಕಿದರೆ ಇಎಲ್‌ಸಿಬಿ ನಿಲ್ಲುವುದೇ ಇಲ್ಲ. "ಇದು ಹಾಳಾಗಿದೆ" ಎಂದು ಅದನ್ನೂ ತಪ್ಪಿಸಿ ನೇರ ಕೊಟ್ಟರು. ನಾನೂ ತಲೆಯಾಡಿಸಿದೆ.

ಮರುವರ್ಷ ಮಳೆಗೆ ಕಂಬದಿಂದ ಮನೆಗೆ ಬರುವ ನ್ಯೂಟ್ರಲ್ ತಂತಿ ತುಂಡಾಯಿತು. ಲೈಟುಗಳು ಇನ್ವರ್ಟರಿನಲ್ಲಿ ಉರಿಯುತ್ತಲೇ ಇದ್ದುದರಿಂದ ನಮಗೆ ಗೊತ್ತಾಗಲಿಲ್ಲ. ಹಟ್ಟಿಯ ನಳ್ಳಿಗೆ ಮೂತಿ ತಾಗಿಸಿದ ದನ ಕೂಗಿ ಹಿಂದಕ್ಕೆ ಹಾರಿತು. ಓಡಿಹೋದ ಮನೆಯಾಕೆಗೂ ಪೈಪು ಮುಟ್ಟಿದಾಗ ಜುಂ ಎಂದಿತು. ನಾನು ಮೈನ್ ಆಫ್ ಮಾಡಿದೆ. ಶಾಕ್ ನಿಂತಿತು.

ಆಗ ಒಳಗೆ 1000 ವಾಟಿನ ಇಸ್ತ್ರಿಪೆಟ್ಟಿಗೆ ಕಾಯುತ್ತಿತ್ತು. 230 ವೋಲ್ಟಿಗೆ ಅದರ ರೆಸಿಸ್ಟೆನ್ಸ್ ಸುಮಾರು 53 ಓಮ್. ಹಿಂದಿರುಗಲು ನ್ಯೂಟ್ರಲ್ ಇಲ್ಲ. ಕರೆಂಟು ಆ ತುಂಡು ವಯರಿನ ಮೂಲಕ ಅರ್ತ್ ಗುಂಡಿಗೆ ಹರಿಯಿತು. ಮುರಕಲ್ಲಿನ ನೆಲದಲ್ಲಿ ಗುಂಡಿ 50 ಓಮ್ ಇದ್ದರೂ ಲೆಕ್ಕ ನೋಡಿ: ಸುಮಾರು ಅರ್ಧ ವೋಲ್ಟೇಜು, ಅಂದ್ರೆ 110 ವೋಲ್ಟಿನಷ್ಟು ಅರ್ತ್ ವಯರಿನಲ್ಲಿ. ಫ್ರಿಜ್ಜು, ಪಂಪು, ಪಂಪಿನ ಕಬ್ಬಿಣದ ಪೈಪು ಎಲ್ಲದಕ್ಕೂ ಅದೇ. ಹರಿಯುವುದು ಎರಡೇ ಆಂಪಿಯರ್, ಫ್ಯೂಸ್ ಹೋಗುವುದಿಲ್ಲ. 30 ಮಿಲಿ ಆಂಪಿಯರಿಗೇ ಬೀಳಬೇಕಿದ್ದ ಇಎಲ್‌ಸಿಬಿಯನ್ನು ನಾವೇ ತೆಗೆದಿದ್ದೆವು. ಅದು ಹಾಳಾಗಿರಲೇ ಇಲ್ಲ. ನ್ಯೂಟ್ರಲ್ ಕರೆಂಟಿನ ಒಂದು ಪಾಲು ಅರ್ತಿಗೆ ಸೋರುವುದನ್ನು ಹಿಡಿದು ಬೀಳುತ್ತಿತ್ತು.

ಟೆಸ್ಟರ್ ಎರಡೂ ಕಡೆ ಮಿಣುಕಿದ್ದೇಕೆ? ನ್ಯೂಟ್ರಲಿಗೆ ಅರ್ತ್ ಕೊಟ್ಟಿರುವುದು ಟ್ರಾನ್ಸ್‌ಫಾರ್ಮರಿನಲ್ಲಿ. ಮೈನ್‌ಸ್ವಿಚ್ ನ್ಯೂಟ್ರಲನ್ನೂ ಕತ್ತರಿಸುವುದರಿಂದ, ಅದು ಆಫ್ ಇದ್ದಾಗ ಇನ್ವರ್ಟರಿಗೆ ನೆಲದ ಸಂಬಂಧವೇ ಇಲ್ಲ. ಮೈನ್ ಹಾಕಿದ್ದರೆ ಸರಿಹೋಗುತ್ತಿತ್ತು.

ಬೇರೆ ಎಲೆಕ್ಟ್ರಿಶಿಯನ್ ಬಂದು ಸರಿಮಾಡಿದ ಮೇಲೆ ನಾನು ಕಲಿತದ್ದು:

* ಮನೆಯೊಳಗೆ ನ್ಯೂಟ್ರಲ್ ಮತ್ತು ಅರ್ತ್ ಕಾಯಂ ಕೂಡಿಸಬಾರದು. ಅರ್ತ್ ಪಿನ್ನಿಗೆ ನ್ಯೂಟ್ರಲ್ ಕೊಡುವುದೂ ಇದೇ ತಪ್ಪು.
* ನ್ಯೂಟ್ರಲನ್ನೂ ಕತ್ತರಿಸುವ ಇನ್ವರ್ಟರ್‌ಗಳಿವೆ. ಬ್ಯಾಟರಿಯಲ್ಲಿ ನಡೆಯುವಾಗ ಅವುಗಳ ನ್ಯೂಟ್ರಲಿಗೆ ಅರ್ತ್ ಸಂಬಂಧವಿಲ್ಲದಿದ್ದರೆ, ಇಎಲ್‌ಸಿಬಿ ಇದ್ದೂ ಸೋರಿಕೆಯನ್ನು ಹಿಡಿಯಲಾರದು. ಬ್ಯಾಟರಿಗೆ ತಿರುಗಿದಾಗ ಕೂಡಿಸಿ, ಕರೆಂಟು ಬಂದೊಡನೆ ಬಿಡಿಸುವ ರಿಲೇ ಕೆಲವದರೊಳಗೇ ಇರುತ್ತದೆ. ಕೈಪಿಡಿ ಓದಿಸಿ ಕೇಳಿ.
* ಇನ್ವರ್ಟರಿನ ಬಾಡಿಗೂ ಅರ್ತ್ ಬೇಕು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ.
* ಮೈನಿನ ಇಎಲ್‌ಸಿಬಿ ಬ್ಯಾಟರಿಯ ಕರೆಂಟನ್ನು ಕಾಣದು. ಇನ್ವರ್ಟರಿನಿಂದ ಹೊರಡುವ ಲೈನಿಗೆ ಇನ್ನೊಂದು ಹಾಕಿಸಿ. ಆ ಲೈನಿನ ನ್ಯೂಟ್ರಲ್ ಬೇರೆಯೇ ಇರಲಿ. ಉಳಿದವುಗಳ ಜೊತೆ ಬೆರೆತರೆ ಸುಮ್ಮಸುಮ್ಮನೆ ಬೀಳುತ್ತದೆ.
* ತಿಂಗಳಿಗೊಮ್ಮೆ ಅದರ ಬಟನ್ ಒತ್ತಿ. ಬಿದ್ದರೆ ಇಎಲ್‌ಸಿಬಿ ಸರಿಯಿದೆ ಎಂದಷ್ಟೇ ಅರ್ಥ. ಅರ್ತ್ ಸರಿಯಿದೆ ಎಂದಲ್ಲ. ಗುಂಡಿಯನ್ನು ಮೀಟರಿನಲ್ಲೇ ಅಳೆಸಬೇಕು.
* ಮೈನ್ ಆಫ್ ಮಾಡಿದರೂ ಇನ್ವರ್ಟರಿನ ವಯರಿನಲ್ಲಿ 230 ವೋಲ್ಟ್ ಇರುತ್ತದೆ. ಎರಡನ್ನೂ ಆಫ್ ಮಾಡದೆ ಬೋರ್ಡಿಗೆ ಕೈ ಹಾಕಬೇಡಿ.

ದನ ಬದುಕಿತು, ಕರುವೂ ಹಾಕಿತು. ನಿಮ್ಮಲ್ಲೂ ಇನ್ವರ್ಟರ್ ಬಂದ ಮೇಲೆ ಇಎಲ್‌ಸಿಬಿ ಬೀಳತೊಡಗಿದ್ದರೆ ಅದನ್ನು ಬಯ್ಯಬೇಡಿ, ತೆಗೆಯಲೂ ಬಿಡಬೇಡಿ. ಯಾಕೆ ಬೀಳುತ್ತದೆ ಎಂದು ಮೊದಲು ಹುಡುಕಿಸಿ.